ರಾತ್ರಿಗಳ ಲೆಕ್ಕ

ಅಂಬೋಲಿಯಲ್ಲಿ ಮಳೆ ಹಿಡಿದು ಅಂದಿಗೆ ಮೂರನೆಯ ದಿನ. ಕ್ಯಾರವಾನಿನ ತಗಡಿನ ಮಾಡಿನ ಮೇಲೆ ಒಂದೇ ಸಮನೆ ಬೀಳುತ್ತಿದ್ದ ಮಳೆಯ ಸದ್ದಿಗೆ ನಮ್ಮ ಕಿವಿಗಳು ಒಗ್ಗಿಹೋಗಿದ್ದವು. ನಡುರಾತ್ರಿ ಎರಡೂವರೆಯ ಹೊತ್ತಿಗೆ ನಮ್ಮನ್ನು ಎಬ್ಬಿಸಿದ್ದು ಇನ್ನೊಂದು ಸದ್ದು ನಿಂತುಹೋದದ್ದು. ಹಾಸಿಗೆಯ ಪಕ್ಕದ ಪುಟ್ಟ ಕಪಾಟಿನ ಮೇಲೆ ಸಣ್ಣಗೆ ಗುಂಯ್‌ಗುಡುತ್ತಿದ್ದ ಉಸಿರಿನ ಯಂತ್ರ ಮೌನವಾಗಿತ್ತು. ಗೋಡೆಯ ಮೇಲಿನ ಚಿಕ್ಕ ಮೀಟರು 10.4 ಎಂದು ತೋರಿಸಿ, ನಾವು ಟಾರ್ಚು ಹಿಡಿದು ನೋಡುತ್ತಿರುವಂತೆಯೇ ಕಣ್ಣು ಮುಚ್ಚಿತು.

ನಮ್ಮಿಬ್ಬರಲ್ಲಿ ಒಬ್ಬರಿಗೆ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿದೆ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಗೊಂಡು ಗಾಳಿಯ ದಾರಿ ಮುಚ್ಚುತ್ತದೆ. ಮೆದುಳು ಬೆಚ್ಚಿ ಎಬ್ಬಿಸುತ್ತದೆ. ಮತ್ತೆ ನಿದ್ರೆ, ಮತ್ತೆ ಮುಚ್ಚುವಿಕೆ. ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಅವರು 1981ರಲ್ಲಿ ಲೋಕಕ್ಕೆ ತಿಳಿಸಿದ ಉಪಾಯವೇ ಇಂದಿಗೂ ಇದಕ್ಕೆ ಮುಖ್ಯ ಪರಿಹಾರ: ಮೂಗಿಗೆ ಮುಖವಾಡ ಹಾಕಿ, ಸದಾ ಒಂದಿಷ್ಟು ಒತ್ತಡದಲ್ಲಿ ಗಾಳಿಯನ್ನು ಊದುತ್ತ ಆ ದಾರಿಯನ್ನು ತೆರೆದಿಡುವುದು. ಸಿಪ್ಯಾಪ್ ಎಂದು ಕರೆಯುವ ಈ ಯಂತ್ರ ಒಂದು ರಾತ್ರಿ ಇಲ್ಲದಿದ್ದರೆ ಪ್ರಾಣಕ್ಕೇನೂ ಆಗುವುದಿಲ್ಲವೆಂದು ನಮ್ಮ ವೈದ್ಯರು ಸಮಾಧಾನ ಹೇಳಿದ್ದರು. ಅದರ ಬೆನ್ನಿಗೇ ಇನ್ನೊಂದು ಮಾತನ್ನೂ ಹೇಳಿದ್ದರು: ಹಾಗೆ ರಾತ್ರಿ ಕಳೆದವರು ಮರುದಿನ ಗಾಡಿ ಓಡಿಸಬಾರದು.

ನಮ್ಮಲ್ಲಿ ಆ ಯಂತ್ರವಿಟ್ಟು ಮಲಗುವವರೇ ಗಾಡಿ ಓಡಿಸುವವರು. ಇನ್ನೊಬ್ಬರಿಗೆ ಓಡಿಸಲು ಬಾರದು.

ಆ ರಾತ್ರಿ ಇಪ್ಪತ್ತು ನಿಮಿಷ ಎಂಜಿನ್ ಚಾಲೂ ಮಾಡಿಟ್ಟೆವು. ಯಂತ್ರ ಮತ್ತೆ ಉಸಿರಾಡಿತು. ಆದರೆ ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು, ನಿಂತ ಗಾಡಿಯಲ್ಲಿ ಎಂಜಿನ್ ಹೊಗೆಯ ನಡುವೆ ನಿದ್ರೆ ಮಾಡುವುದು ಇನ್ನೊಂದು ಬಗೆಯ ಸಾವನ್ನು ಮನೆಗೆ ಕರೆದಂತೆ ಎಂಬ ಭಯ ಹುಟ್ಟಿ ಆರಿಸಿದೆವು. ಬೆಳಗಿನವರೆಗೆ ಒಬ್ಬರು ತುಂಡು ತುಂಡಾಗಿ ನಿದ್ರಿಸಿದರು, ಒಬ್ಬರು ಆ ತುಂಡುಗಳನ್ನು ಎಣಿಸುತ್ತ ಕುಳಿತರು. ಬೆಳಗಾದ ಮೇಲೆ ವೈದ್ಯರ ಮಾತನ್ನು ಇಬ್ಬರೂ ಮರೆತಂತೆ ನಟಿಸಿ ಬೆಳಗಾವಿಯ ಕಡೆ ಹೊರಟೆವು. ಚಂದಗಡದ ಸೀಮೆಯಲ್ಲಿ ರಸ್ತೆ ನೆಟ್ಟಗಿದ್ದ ಒಂದು ಕಡೆ, ಎಡಗಡೆಯ ಚಕ್ರಗಳು ಜಲ್ಲಿಗೆ ಇಳಿದ ಕರಕರ ಸದ್ದು ಕೇಳಿಸಿತು. ಒಂದು ಕೂಗು, ಒಂದು ಬ್ರೇಕು. ಗಾಡಿ ಗದ್ದೆಯ ಬದುವಿಗೆ ಒಂದು ಮಾರು ಉಳಿದಿರುವಾಗ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎದುರಿನಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ ಎಂಬುದಷ್ಟೇ ಅದಕ್ಕೆ ಕಾರಣ. ಅಲ್ಲಿಯೇ ಎರಡು ಗಂಟೆ ಮಲಗಿ, ಚಹಾ ಕುಡಿದು, ಮಾತಿಲ್ಲದೆ ಮುಂದೆ ಸಾಗಿದೆವು. ಬ್ಯಾಟರಿ ಬದಲಾಗುವವರೆಗೆ ಇನ್ನು ಗಾಡಿ ಹೊರಗೆ ತೆಗೆಯುವುದಿಲ್ಲವೆಂದು ಧಾರವಾಡ ಮುಟ್ಟುವ ಮೊದಲೇ ನಿಶ್ಚಯವಾಗಿತ್ತು.

ಕ್ಯಾರವಾನಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ ಎಂಬುದನ್ನು ಇಲ್ಲಿ ಹೇಳಬೇಕು. ಒಂದು ಎಂಜಿನ್ನಿನದು. ಅದರೊಳಗೆ ತೆಳುವಾದ ಹಲವು ಫಲಕಗಳಿದ್ದು, ಕೆಲವೇ ಕ್ಷಣಗಳಲ್ಲಿ ಭಾರಿ ಕರೆಂಟು ಕೊಟ್ಟು ಎಂಜಿನ್ನನ್ನು ಎಬ್ಬಿಸಿ ಸುಮ್ಮನಾಗುತ್ತದೆ. ಇನ್ನೊಂದು ಮನೆಯ ಬ್ಯಾಟರಿ. ದೀಪ, ಫ್ಯಾನು, ಫ್ರಿಜ್ಜು, ನೀರಿನ ಪಂಪು ಎಲ್ಲವೂ ಇದರ ಮೇಲೆ. ಇದು ದಪ್ಪ ಫಲಕಗಳದ್ದಾಗಿರಬೇಕು. ಸ್ವಲ್ಪ ಸ್ವಲ್ಪವಾಗಿ, ಗಂಟೆಗಟ್ಟಲೆ ಕೊಡಬೇಕು. ಒಂದು ಓಟಗಾರನಾದರೆ ಇನ್ನೊಂದು ಹಮಾಲ. ನಮ್ಮ ಗಾಡಿಯನ್ನು ಕಟ್ಟಿಕೊಟ್ಟವರು ಹಿಂಬದಿಯ ಗಾಳಿಕಿಂಡಿಯಿರುವ ಪೆಟ್ಟಿಗೆಯಲ್ಲಿ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯೊಂದನ್ನು ಕೂರಿಸಿದ್ದರು. ಮನೆಗಳಲ್ಲಿ ಇನ್ವರ್ಟರಿಗೆ ಹಾಕುತ್ತಾರಲ್ಲ, ಅದೇ. ಐವತ್ತು ಕಿಲೋಗೂ ಮಿಕ್ಕ ತೂಕ. ನಾಲ್ಕು ವರ್ಷ ಅದರ ಕಡೆ ನಾವು ನೋಡಿದ್ದು ಡಿಸ್ಟಿಲ್ಡ್ ವಾಟರ್ ಹಾಕುವಾಗ ಮಾತ್ರ, ಅದೂ ನೆನಪಾದಾಗ.

ಧಾರವಾಡದಲ್ಲಿ ನಮ್ಮ ಹಳೆಯ ನೆರೆಯವರ ಮಗ ಬ್ಯಾಟರಿ ಅಂಗಡಿ ಇಟ್ಟಿದ್ದಾನೆ. ಅವನು ಮುಚ್ಚಳಗಳನ್ನು ಬಿಚ್ಚಿ, ಹೈಡ್ರೋಮೀಟರಿನಿಂದ ಒಂದೊಂದೇ ಸೆಲ್ಲಿನ ಆಮ್ಲವನ್ನು ಎಳೆದು ನೋಡಿದ. ಐದರಲ್ಲಿ 1.230ರ ಆಸುಪಾಸು, ಒಂದರಲ್ಲಿ 1.110. ಸುಮ್ಮನೆ ನಿಂತಾಗ ಒಟ್ಟು 12.3 ವೋಲ್ಟ್ ತೋರಿಸುತ್ತಿದ್ದ ಬ್ಯಾಟರಿ ಹೊರೆ ಬಿದ್ದೊಡನೆ 11ಕ್ಕೆ ಕುಸಿಯಿತು.

"ಆರರಾಗ ಒಂದ್ ಸೆಲ್ ಹೋಗೇತ್ರಿ ಕಾಕಾ. ಉಳದ ಐದೂ ಅದನ್ನ ಹೊತ್ಕೊಂಡ್ ನಡದಾವ," ಎಂದ. ಆಮೇಲೆ ಗಾಡಿಯನ್ನು ವರ್ಷಕ್ಕೆ ಎಷ್ಟು ದಿನ ಹೊರಗೆ ಒಯ್ಯುತ್ತೀರಿ ಎಂದು ಕೇಳಿದ. ಅರವತ್ತು ದಿನ ಎಂದೆವು. ಉಳಿದ ದಿನಗಳಲ್ಲಿ ಎಲ್ಲಿರುತ್ತದೆ ಎಂದ. ಪುಣೆಯ ನಮ್ಮ ಸೊಸೈಟಿಯ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಎಂದೆವು. ಅವನು ನಕ್ಕ. "ಹಂಗಾರ ಇದು ಓಡಿ ಹಾಳಾಗಿಲ್ರಿ ಕಾಕೂ. ನಿಂತು ಹಾಳಾಗೇತಿ."

ಈ ಒಂದು ಮಾತು ನಮ್ಮನ್ನು ಬಹಳ ಕಾಡಿತು. ಸೀಸದ ಬ್ಯಾಟರಿ ಖಾಲಿಯಾಗುತ್ತ ಹೋದಂತೆ ಅದರ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿ ಮರಳಿ ಸೀಸವೂ ಆಮ್ಲವೂ ಆಗುತ್ತದೆ. ವಾರಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಡುಸಾಗುತ್ತದೆ. ಫಲಕದ ಅಷ್ಟು ಭಾಗ ಶಾಶ್ವತವಾಗಿ ನಿರುಪಯುಕ್ತ. ನಮ್ಮ ಮಾಡಿನ ಮೇಲೆ 330 ವಾಟ್‌ನ ಸೌರ ಫಲಕವಿದೆ ಎಂಬ ಧೈರ್ಯದಲ್ಲಿ ನಾವಿದ್ದೆವು. ನೆಲಮಾಳಿಗೆಗೆ ಸೂರ್ಯ ಬರುವುದಿಲ್ಲವೆಂಬುದು ಹೊಳೆಯಲಿಲ್ಲ. ಆ ಪಾರ್ಕಿಂಗಿನಲ್ಲಿ ಪ್ಲಗ್ ಇಲ್ಲ. ಪ್ರವಾಸದಿಂದ ಬಂದೊಡನೆ ಅರ್ಧ ಬರಿದಾದ ಬ್ಯಾಟರಿಯೊಡನೆ ಗಾಡಿಯನ್ನು ಅಲ್ಲಿ ನಿಲ್ಲಿಸಿ, ಇನ್ವರ್ಟರಿನ ಹಸಿರು ದೀಪವನ್ನೂ ಆರಿಸದೆ, ಲಿಫ್ಟ್ ಹತ್ತಿ ಮನೆಗೆ ಹೋಗುತ್ತಿದ್ದೆವು. ನಾಲ್ಕು ವರ್ಷಗಳಲ್ಲಿ ಆ ಬ್ಯಾಟರಿ ನಮಗಾಗಿ ದುಡಿದದ್ದು ಹೆಚ್ಚೆಂದರೆ 240 ರಾತ್ರಿ. ಉಳಿದ ಕಾಲವೆಲ್ಲ ಅದು ಕತ್ತಲಲ್ಲಿ ಹಸಿದು ನಿಂತಿತ್ತು.

ಇನ್ನೊಂದು ತಪ್ಪೂ ಬೆಳಕಿಗೆ ಬಂತು. ಇನ್ವರ್ಟರ್ ತಾನಾಗಿಯೇ ಆರಿಹೋಗುವವರೆಗೆ ಬ್ಯಾಟರಿ ಕ್ಷೇಮವಾಗಿರುತ್ತದೆಂದು ನಾವು ನಂಬಿದ್ದೆವು. ಅದು ಆರುವುದು 10.5 ವೋಲ್ಟ್‌ಗೆ. ಅಷ್ಟರಲ್ಲಿ ಬ್ಯಾಟರಿ ಬಹುಪಾಲು ಬರಿದಾಗಿರುತ್ತದೆ. ಸೀಸದ ಬ್ಯಾಟರಿ ಬಾಳಬೇಕಾದರೆ ದಿನನಿತ್ಯ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಹೊರೆಯಿಲ್ಲದೆ ವಿಶ್ರಾಂತಿಯಲ್ಲಿರುವಾಗ 12.1 ಅಥವಾ 12.2 ತೋರಿಸಿದರೆ ಅರ್ಧ ಮುಗಿಯಿತೆಂದು ತಿಳಿಯಬೇಕು. 10.5ರ ಆ ಗಡಿ ಬ್ಯಾಟರಿಯ ಬಾಳಿಕೆಯ ಗಡಿಯಲ್ಲ. ನಾವು ಅದನ್ನು ಬ್ಯಾಟರಿಗೆ ಹಾಕಿದ ಲಕ್ಷ್ಮಣರೇಖೆಯೆಂದು ತಿಳಿದು ಪ್ರತಿ ಪ್ರವಾಸದಲ್ಲೂ ಅದರವರೆಗೆ ನಡೆದಿದ್ದೆವು.

ಪುಣೆಗೆ ಮರಳಿದ ಮೇಲೆ ಅಂಗಡಿಗಳಿಗೆ ಹೋಗುವ ಮೊದಲು ಊಟದ ಮೇಜಿನ ಮೇಲೆ ಕಾಗದ ಹರಡಿ ಕುಳಿತೆವು. ಮೊದಲ ಬ್ಯಾಟರಿಯನ್ನು ಬೇರೆಯವರು ಆರಿಸಿದ್ದರು. ಎರಡನೆಯದನ್ನು ನಾವೇ ಆರಿಸಬೇಕಾದರೆ ನಮ್ಮ ಒಂದು ದಿನ ಎಷ್ಟು ದೊಡ್ಡದೆಂದು ತಿಳಿಯಬೇಕಿತ್ತು. ಉಸಿರಿನ ಯಂತ್ರ 35 ವಾಟ್, ಎಂಟು ಗಂಟೆ: 280 ವಾಟ್-ಅವರ್. 12 ವೋಲ್ಟಿನ ಫ್ರಿಜ್ಜು 45 ವಾಟ್, ದಿನದ ನೂರರಲ್ಲಿ ನಲವತ್ತು ಪಾಲು ಓಡುತ್ತದೆಂದು ಹಿಡಿದರೆ 430. ಫ್ಯಾನು 20 ವಾಟ್, ಹತ್ತು ಗಂಟೆ: 200. ದೀಪಗಳಿಗೆ 60, ನೀರಿನ ಪಂಪಿಗೆ 15, ಫೋನು ಮತ್ತು ಲ್ಯಾಪ್‌ಟಾಪಿಗೆ 100. ಕೂಡಿಸಿದರೆ ದಿನಕ್ಕೆ ಸುಮಾರು 1,100 ವಾಟ್-ಅವರ್.

ಈ ಸಂಖ್ಯೆಯ ಪಕ್ಕದಲ್ಲಿ ಹಳೆಯ ಬ್ಯಾಟರಿಯನ್ನು ಇಟ್ಟು ನೋಡಿದೆವು. 150ನ್ನು 12ರಿಂದ ಗುಣಿಸಿದರೆ 1,800. ಬಳಸಬಹುದಾದ ಅರ್ಧ, 900. ಕೊಂಡ ದಿನವೇ ಅದು ನಮ್ಮ ಒಂದು ದಿನಕ್ಕೆ ಸಾಲುತ್ತಿರಲಿಲ್ಲ! ಅದರ ಮೇಲೆ ನಾವು ಸಿಪ್ಯಾಪನ್ನು ನೀರಿನ ಬಿಸಿಯಾವಿಯೊಡನೆ, ಇನ್ವರ್ಟರಿನ ಮೂಲಕ ಓಡಿಸುತ್ತಿದ್ದೆವು. ಬಿಸಿ ಮಾಡುವ ಭಾಗ ಯಂತ್ರದ ಬಳಕೆಯನ್ನು ಇಮ್ಮಡಿಗೊಳಿಸುತ್ತದೆ. 12 ವೋಲ್ಟನ್ನು 230 ಮಾಡಿ, ಮತ್ತೆ ಯಂತ್ರದ ಅಡಾಪ್ಟರಿನಲ್ಲಿ ಇಳಿಸುವ ಆಟದಲ್ಲಿ ಇನ್ನೊಂದಿಷ್ಟು ಸೋರುತ್ತದೆ. ಯಂತ್ರದ ತಯಾರಕರದೇ 12 ವೋಲ್ಟಿನ ಪರಿವರ್ತಕವನ್ನು ತರಿಸಿ, ಮಳೆಗಾಲದಲ್ಲಿ ಆವಿಯ ಭಾಗವನ್ನು ಆರಿಸಿಡಬಹುದೇ ಎಂದು ವೈದ್ಯರನ್ನು ಕೇಳಿ ಒಪ್ಪಿಗೆ ಪಡೆದೆವು. ಹೊಸ ಬ್ಯಾಟರಿ ಕೊಳ್ಳುವ ಮೊದಲೇ ಅದರ ಕಾಲುಭಾಗದಷ್ಟು ಕೆಲಸವನ್ನು ಹೀಗೆ ಉಳಿಸಿದಂತಾಯಿತು.

ಎರಡು ದಿನ ಬಿಸಿಲಿಲ್ಲದೆಯೂ ಬದುಕಬೇಕು ಎಂಬುದು ನಾವು ಹಾಕಿಕೊಂಡ ಗಡಿ. ಅಂದರೆ ಬಳಸಲು ಸಿಗುವ 2,200 ವಾಟ್-ಅವರ್ ಬೇಕು. ಟ್ಯೂಬುಲರ್‌ನಲ್ಲಿ ಅದು ಬೇಕೆಂದರೆ 150ರ ಮೂರು ಬ್ಯಾಟರಿಗಳು, ಒಂದೂವರೆ ಕ್ವಿಂಟಲ್‌ಗೂ ಹೆಚ್ಚಿನ ಭಾರ. ನಮ್ಮ ಪೆಟ್ಟಿಗೆಯಲ್ಲಿ ಜಾಗವೂ ಇಲ್ಲ, ಹಿಂದಿನ ಅಚ್ಚಿಗೆ ಆ ತೂಕವೂ ಒಳ್ಳೆಯದಲ್ಲ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುವ ಈ ಬಗೆಯನ್ನು ಮಲಗುವ ಕಡೆ ಇಡುವಂತೆಯೂ ಇಲ್ಲ. ಎರಡನೆಯ ಆಯ್ಕೆ, ಮುಚ್ಚಿದ ಮೈಯ ಎಜಿಎಂ ಮತ್ತು ಜೆಲ್ ಬ್ಯಾಟರಿಗಳು. ಇವಕ್ಕೆ ನೀರು ಹಾಕುವ ಕೆಲಸವಿಲ್ಲ, ಆಮ್ಲ ಚೆಲ್ಲುವ ಭಯವಿಲ್ಲ, ಸುಮ್ಮನೆ ನಿಂತಾಗ ಸೋರುವುದೂ ಕಡಿಮೆ. ಆದರೆ ಒಳಗಿರುವುದು ಅದೇ ಸೀಸ, ಅದೇ ಅರ್ಧದ ನಿಯಮ, ನೂರು ಆಂಪಿಯರ್-ಅವರ್‌ಗೆ ಸುಮಾರು ಮೂವತ್ತು ಕಿಲೋ ಭಾರ. ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್. ನೂರು ಆಂಪಿಯರ್-ಅವರ್‌ಗೆ ಹನ್ನೆರಡು ಕಿಲೋ ಆಸುಪಾಸು; 3.2 ವೋಲ್ಟಿನ ನಾಲ್ಕು ಸೆಲ್ಲುಗಳು ಸೇರಿ 12.8 ವೋಲ್ಟ್, ಇದ್ದದ್ದರಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಪಾಲನ್ನು ಹೆದರಿಕೆಯಿಲ್ಲದೆ ಬಳಸಬಹುದು. ನಮಗೆ ಕೊಟ್ಟ ದರಪಟ್ಟಿಯಲ್ಲಿ ಅಷ್ಟೇ ಆಂಪಿಯರ್-ಅವರ್‌ನ ಟ್ಯೂಬುಲರ್‌ಗಿಂತ ಮೂರು ಪಟ್ಟು ಬೆಲೆ. ಬಳಸಬಹುದಾದ ವಾಟ್-ಅವರ್‌ಗೆ ಇಳಿಸಿ ಲೆಕ್ಕ ಹಾಕಿದರೆ ಆ ಅಂತರದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗುತ್ತಿತ್ತು; ಪೂರ್ತಿ ಕರಗುತ್ತಿರಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ಅಂಕಗಣಿತ. ಜಗಳ ಹುಟ್ಟಿದ್ದು ಇದರ ನಂತರ.

ಲಕ್ಷ್ಮೀ ರಸ್ತೆಯ ಕಡೆಯ ಒಂದು ಅಂಗಡಿಯಲ್ಲಿ, ಲಿಥಿಯಂ ಬ್ಯಾಟರಿ ಹತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆಂದು ಮಾರಾಟಗಾರ ಮರಾಠಿಯಲ್ಲಿ ಹುರುಪಿನಿಂದ ವಿವರಿಸಿದ. ನಮ್ಮನ್ನು ನೋಡಿ ಒಂದು ಕ್ಷಣ ತಡೆದ. ಆಮೇಲೆ ಮಾತನ್ನು ಟ್ಯೂಬುಲರ್ ಕಡೆಗೆ ತಿರುಗಿಸಿ, ಇದೂ ನಾಲ್ಕೈದು ವರ್ಷ ಬರುತ್ತದೆ, ನಿಮಗೆ ಸಾಕಾಗುತ್ತದೆ ಕಾಕಾ ಎಂದ. ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಮ್ಮ ಹಣ ಉಳಿಸುವ ಸಲಹೆಯನ್ನೇ ಕೊಟ್ಟ. ಆದರೆ ಆ ಸಂಜೆ ಮನೆಗೆ ಬಂದ ಮೇಲೆ ಆ ಕ್ಷಣದ ತಡೆ ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಕುಳಿತಿತ್ತು. ಓಡಿಸುವವರಿಗೆ 69 ವರ್ಷ, ಪಕ್ಕದಲ್ಲಿ ಕೂರುವವರಿಗೆ 65. ಇನ್ನೆಷ್ಟು ವರ್ಷ ಘಟ್ಟ ಹತ್ತಿಸುತ್ತೇವೆ? ಹತ್ತು ವರ್ಷದ ಬ್ಯಾಟರಿಯನ್ನು ನಾಲ್ಕು ವರ್ಷದ ಆಸೆಗೆ ಕೊಳ್ಳುವುದು ಯಾವ ಜಾಣತನ? ಒಬ್ಬರು ಇದನ್ನು ಬಾಯಿಬಿಟ್ಟು ಕೇಳಿದೆವು. ಇನ್ನೊಬ್ಬರು, ಹಾಗಾದರೆ ಗಾಡಿಯನ್ನೇ ಮಾರಿಬಿಡೋಣ ಎಂದೆವು. ಮೂರು ದಿನ ದರಪಟ್ಟಿಗಳು ಹಾಗೆಯೇ ಬಿದ್ದಿದ್ದವು. ಜಲ್ಲಿಯ ಆ ಸದ್ದಿನ ಬಗ್ಗೆ ನಾವು ಮೊದಲ ಬಾರಿ ಮಾತಾಡಿದ್ದು ಆಗಲೇ. ಬ್ಯಾಟರಿಯ ನೆಪವಿಲ್ಲದಿದ್ದರೆ ಆ ಮಾತು ಎಂದೂ ಆಡುತ್ತಿರಲಿಲ್ಲವೇನೋ.

ಆ ದಿನಗಳಲ್ಲಿ ಈ ಬ್ಯಾಟರಿಗಳ ಹುಟ್ಟಿನ ಕಥೆ ಓದಿದೆವು. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೊಂ ಪ್ಲಾಂತೆ ಮಾಡಿದ್ದು 1859ರಲ್ಲಿ. ನಮ್ಮ ಪೆಟ್ಟಿಗೆಯಲ್ಲಿದ್ದದ್ದು ಆ ಮೂಲದ ಮರಿಮಗ. ಐರನ್ ಫಾಸ್ಫೇಟ್ ಲಿಥಿಯಂ ಬ್ಯಾಟರಿಯ ಧನಧ್ರುವಕ್ಕೆ ಒದಗುತ್ತದೆಂದು ತೋರಿಸಿದ ಪ್ರಬಂಧ ಪ್ರಕಟವಾದದ್ದು 1997ರಲ್ಲಿ, ಅಮೆರಿಕೆಯ ಟೆಕ್ಸಸ್ ವಿಶ್ವವಿದ್ಯಾಲಯದಿಂದ. ಅದರ ಲೇಖಕರು ಪಾಧಿ, ನಂಜುಂಡಸ್ವಾಮಿ ಮತ್ತು ಜಾನ್ ಗುಡಿನಫ್. ಕನ್ನಡದ ಕಿವಿಗೆ ನಂಜನಗೂಡಿನ ಗುಡಿಯ ಗಂಟೆ ಕೇಳಿಸುವ ಹೆಸರೊಂದು ಆ ಸಾಲಿನಲ್ಲಿ ಇರುವುದನ್ನು ಕಂಡು ನಾವು ಸುಮ್ಮನೆ ಸಂತೋಷಪಟ್ಟೆವು. ಆದರೆ ನಮ್ಮನ್ನು ನಿಲ್ಲಿಸಿದ್ದು ಬೇರೆ ವಿಷಯ. 1922ರಲ್ಲಿ ಹುಟ್ಟಿದ ಗುಡಿನಫ್ ಅವರಿಗೆ ಆ ಪ್ರಬಂಧ ಬಂದಾಗ 74 ವರ್ಷ. 2019ರಲ್ಲಿ ನೊಬೆಲ್ ಬಂದಾಗ 97. ಆ ವಯಸ್ಸಿನ ಮನುಷ್ಯ ಕಂಡುಹಿಡಿದ ವಸ್ತುವನ್ನು ಕೊಳ್ಳಲು ನಮಗೆ ವಯಸ್ಸಾಯಿತೆಂದು ಹೇಳುವುದು ಸ್ವಲ್ಪ ನಗೆಪಾಟಲಿನ ಸಂಗತಿಯಾಗಿತ್ತು. ಇಬ್ಬರೂ ನಕ್ಕೆವು. ನಗು ಬಂದ ಮೇಲೆ ಲೆಕ್ಕದ ಕಾಗದ ಮತ್ತೆ ಮೇಜಿಗೆ ಬಂತು.

ನಿರ್ಧಾರವನ್ನು ಮಾಡಿಸಿದ್ದು ಮಾತ್ರ ನೊಬೆಲ್ ಅಲ್ಲ, ಧಾರವಾಡದ ಹುಡುಗನ ಮಾತು. ತಯಾರಕರು ಬ್ಯಾಟರಿಯ ಆಯುಸ್ಸನ್ನು ವರ್ಷಗಳಲ್ಲಿ ಹೇಳುವ ಮೊದಲು ಆವರ್ತಗಳಲ್ಲಿ ಹೇಳುತ್ತಾರೆ: ಎಷ್ಟು ಸಲ ಖಾಲಿ ಮಾಡಿ ತುಂಬಬಹುದು ಎಂದು. ಲಿಥಿಯಂ ಐರನ್ ಫಾಸ್ಫೇಟಿಗೆ ಅದು 2,000ಕ್ಕೂ ಹೆಚ್ಚು. ವರ್ಷಕ್ಕೆ ಅರವತ್ತು ರಾತ್ರಿಯಂತೆ ಬಳಸುವ ನಮಗೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಮೂವತ್ತು ವರ್ಷ ಯಾರೂ ಕೇಳಿಕೊಂಡಿಲ್ಲ. ಅರ್ಥವಿದ್ದದ್ದು ಇದಕ್ಕೆ: ಉಳಿದ ಮುನ್ನೂರು ದಿನ ಅದು ಹೇಗೆ ನಿಲ್ಲುತ್ತದೆ? ಸೀಸ ತುಂಬಿದ ಹೊಟ್ಟೆಯಲ್ಲಿ ಮಾತ್ರ ಸುಖವಾಗಿ ನಿಲ್ಲುತ್ತದೆ. ಲಿಥಿಯಂ ಅರ್ಧ ಹೊಟ್ಟೆಯಲ್ಲಿ ನಿಲ್ಲುವುದನ್ನೇ ಇಷ್ಟಪಡುತ್ತದೆ. ಸಲ್ಫೇಟ್ ಹರಳುಗಟ್ಟುವ ಕಥೆಯೇ ಅಲ್ಲಿಲ್ಲ. ಎಲ್ಲ ಹೊರೆಗಳನ್ನೂ ಬಿಡಿಸಿಟ್ಟರೆ ತಿಂಗಳಿಗೆ ನೂರರಲ್ಲಿ ಎರಡು ಮೂರು ಪಾಲು ಸೋರಿದರೆ ಹೆಚ್ಚು. ಸೂರ್ಯನೂ ಪ್ಲಗ್ಗೂ ಇಲ್ಲದ ನೆಲಮಾಳಿಗೆಯಲ್ಲಿ ನಿಲ್ಲುವ ಗಾಡಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾಗಿರಲಿಲ್ಲ. ದಿನವೂ ಬಿಸಿಲಲ್ಲಿ ನಿಲ್ಲುವ ಅಂಗಳವಿದ್ದವರಿಗೆ, ಹಣ ಬಿಗಿಯಿದ್ದವರಿಗೆ, ರಾತ್ರಿ ದೀಪವೊಂದೇ ಸಾಕೆನ್ನುವವರಿಗೆ ನಾವು ಇಂದಿಗೂ ಟ್ಯೂಬುಲರ್ ಬೇಡವೆನ್ನುವುದಿಲ್ಲ.

ಭಯಗಳು ಉಳಿದಿದ್ದವು, ಒಂದೊಂದನ್ನಾಗಿ ಎದುರಿಸಿದೆವು. ಮೊದಲನೆಯದು ಬೆಂಕಿ. 2022ರಲ್ಲಿ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ದೃಶ್ಯಗಳನ್ನು ನೋಡಿದವರು ಹಾಸಿಗೆಯ ಕೆಳಗೆ ಲಿಥಿಯಂ ಇಟ್ಟುಕೊಂಡು ನಿದ್ರಿಸುವುದು ಹೇಗೆ? ಲಿಥಿಯಂನಲ್ಲಿ ಹಲವು ಜಾತಿಗಳಿವೆ. ಫಾಸ್ಫೇಟಿನಲ್ಲಿ ಆಮ್ಲಜನಕ ರಂಜಕಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ ಬಿಸಿಯಾದರೂ ಅದು ಸುಲಭವಾಗಿ ಬಿಡುಗಡೆಯಾಗಿ ಬೆಂಕಿಗೆ ಒದಗುವುದಿಲ್ಲ. ನಿಕ್ಕಲ್ ಮತ್ತು ಕೋಬಾಲ್ಟ್ ಇರುವ ಜಾತಿಗಳಿಗಿಂತ ಇದು ಶಾಂತ ಸ್ವಭಾವದ್ದು. ಶಾಂತವೆಂದರೆ ನಿರಪಾಯವೆಂದಲ್ಲ. ಆದ್ದರಿಂದ ಒಳ್ಳೆಯ ಫ್ಯೂಸು, ಸರಿಯಾದ ದಪ್ಪದ ತಂತಿ, ಅಲುಗಾಡದಂತೆ ಬಿಗಿದ ಪಟ್ಟಿ ಇವುಗಳಲ್ಲಿ ಉಳಿತಾಯ ಮಾಡಲಿಲ್ಲ. ಎರಡನೆಯದು ಚಳಿ. ಶೂನ್ಯ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹವಾಗಿ ಕೂತು ಬ್ಯಾಟರಿ ಕೆಡುತ್ತದೆ. ಸ್ಪಿತಿಗೆ ಹೋಗುವ ನಮ್ಮ ಹಳೆಯ ಕನಸಿಗೆ ಇದು ಅಡ್ಡಿಯೆನಿಸಿತು. ಚಳಿಯಲ್ಲಿ ತಾನೇ ಚಾರ್ಜನ್ನು ತಡೆಯುವ ಏರ್ಪಾಡಿರುವ ಬ್ಯಾಟರಿಯನ್ನೇ ಕೇಳಿದೆವು.

ಮೂರನೆಯ ಭಯವೇ ನಮಗೆ ದೊಡ್ಡದು. ಸೀಸ ಸಾಯುವ ಮುನ್ನ ಹೇಳುತ್ತದೆ: ಫ್ಯಾನು ನಿಧಾನವಾಗುತ್ತದೆ, ದೀಪ ಮಂಕಾಗುತ್ತದೆ. ಲಿಥಿಯಂ ಕೊನೆಯವರೆಗೂ 13 ವೋಲ್ಟಿನ ಹತ್ತಿರವೇ ನಿಂತು, ಒಳಗಿನ ರಕ್ಷಕ ಮಂಡಲ ಕೈಯೆತ್ತಿದೊಡನೆ ಒಮ್ಮೆಲೇ ಕತ್ತಲಾಗುತ್ತದೆ. ಹಾಗಾಗಿ ಅದರಲ್ಲಿ ಎಷ್ಟು ಉಳಿದಿದೆಯೆಂದು ವೋಲ್ಟ್ ಮೀಟರು ಹೇಳಲಾರದು. ಒಳಗೆ ಬಂದ, ಹೊರಗೆ ಹೋದ ಕರೆಂಟನ್ನು ಜಮಾಖರ್ಚಿನಂತೆ ಎಣಿಸುವ ಷಂಟ್ ಎಂಬ ಸಾಧನ ಬೇಕು. ಅದನ್ನು ಹಾಕಿಸಿ, ನೂರರಲ್ಲಿ ಮೂವತ್ತಕ್ಕೆ ಇಳಿದಾಗ ಕೂಗುವಂತೆ ಗಂಟೆಯನ್ನೂ ಇರಿಸಿದೆವು. ದೊಡ್ಡದೊಂದರ ಬದಲು 100 ಆಂಪಿಯರ್-ಅವರ್‌ನ ಎರಡನ್ನು ಸಮಾಂತರವಾಗಿ ಜೋಡಿಸಲು ತೀರ್ಮಾನಿಸಿದ್ದೂ ಇದೇ ಕಾರಣಕ್ಕೆ. ಒಂದರ ರಕ್ಷಕ ಮಂಡಲ ಕೈಕೊಟ್ಟರೂ ಇನ್ನೊಂದು ಬೆಳಗಿನವರೆಗೆ ಯಂತ್ರವನ್ನು ನಡೆಸುತ್ತದೆ. ಎರಡೂ ಸೇರಿ 2,560 ವಾಟ್-ಅವರ್, ಹಳೆಯ ಒಂದರ ಅರ್ಧದಷ್ಟು ತೂಕ. ಒಂದೇ ತಯಾರಿ, ಒಂದೇ ವಯಸ್ಸು, ಜೋಡಿಸುವ ಮುನ್ನ ಪ್ರತ್ಯೇಕವಾಗಿ ಪೂರ್ತಿ ತುಂಬಿಸಬೇಕು, ಪ್ರತಿಯೊಂದಕ್ಕೂ ಅದರದೇ ಫ್ಯೂಸು. ಇಷ್ಟು ನಿಯಮ.

ಬ್ಯಾಟರಿಯೊಡನೆ ಅದರ ಬಂಧುಬಳಗವೂ ಬದಲಾಗಬೇಕಾಯಿತು. ಎಂಜಿನ್ನಿನ ಆಲ್ಟರ್ನೇಟರಿನಿಂದ ಹಳೆಯ ಬ್ಯಾಟರಿಗೆ ರಿಲೇ ಮೂಲಕ ನೇರ ತಂತಿಯಿತ್ತು. ಲಿಥಿಯಂ ಕೊಟ್ಟಷ್ಟನ್ನೂ ಕುಡಿಯುತ್ತದೆ. ನೇರ ಬಿಟ್ಟರೆ ಆಲ್ಟರ್ನೇಟರ್ ಬಿಸಿಯೇರಿ ಸೋಲಬಹುದು. ನಡುವೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಕೂರಿಸಿದೆವು. ಎರಡು ಗಂಟೆ ಗಾಡಿ ಓಡಿದರೆ 60 ಆಂಪಿಯರ್-ಅವರ್. ಮಳೆಯಲ್ಲಿಯೂ ಒಂದು ರಾತ್ರಿಗೆ ಧಾರಾಳ. ಸೌರ ನಿಯಂತ್ರಕದಲ್ಲಿ ಸೀಸಕ್ಕೆಂದು ಇದ್ದ ಈಕ್ವಲೈಸೇಶನ್ ಎಂಬ ಹೆಚ್ಚಿನ ವೋಲ್ಟೇಜಿನ ಹಂತವನ್ನು ಆರಿಸಿದೆವು. ಕೂರಿಸಲು ಬಂದವನು, ಇನ್ನೂ ಎರಡು ಹಾಕಿಸಿದರೆ ಇಂಡಕ್ಷನ್ ಒಲೆ ನಡೆಯುತ್ತದೆ, ಇನ್ನೂ ನಾಲ್ಕು ಹಾಕಿಸಿದರೆ ರಾತ್ರಿಯಿಡೀ ಎಸಿ ಎಂದು ಆಸೆ ತೋರಿಸಿದ. ಸಾವಿರ ವಾಟ್ ತಿನ್ನುವ ಎಸಿಗೆ ಆರು ಗಂಟೆಯೆಂದರೆ 6,000. ನಮ್ಮ ಕಾಗದದ ಮೇಲೆ ಆ ಸಾಲು ಇರಲಿಲ್ಲ. ಕಾಗದವೊಂದು ಕೈಯಲ್ಲಿದ್ದರೆ ಬೇಡ ಎನ್ನುವುದು ಎಷ್ಟು ಸುಲಭ!

ಹಳೆಯದನ್ನು ಒಯ್ಯಲು ಗುಜರಿಯವನು ಹೆಚ್ಚು ಹಣ ಹೇಳಿದ್ದ. ಅಂಗಡಿಯವರು ಅದಕ್ಕಿಂತ ಸ್ವಲ್ಪ ಕಡಿಮೆ. ಸೀಸವನ್ನು ಹಿತ್ತಲಿನ ಕುಲುಮೆಗಳಲ್ಲಿ ಕರಗಿಸಿದಾಗ ಏಳುವ ಹೊಗೆ ಸುತ್ತಲಿನ ಮಕ್ಕಳ ರಕ್ತದಲ್ಲಿ, ಮೆದುಳಿನಲ್ಲಿ ಉಳಿಯುತ್ತದೆ. ಹಳೆಯ ಬ್ಯಾಟರಿಗಳನ್ನು ಮರಳಿ ಪಡೆದು ಸರಿಯಾಗಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮಗಳು 2022ರಲ್ಲಿ ಬಂದಿವೆ. ಅಂಗಡಿಗೇ ಒಪ್ಪಿಸಿ ರಸೀದಿ ಪಡೆದೆವು. ಇಬ್ಬರು ಆಳುಗಳು ಅದನ್ನು ಎತ್ತಿ ಒಯ್ಯುವಾಗ ನಮಗೆ ಸ್ವಲ್ಪ ನಾಚಿಕೆಯಾಯಿತು. ಅದು ನಮ್ಮನ್ನು ಕೈಬಿಟ್ಟಿತೆಂದು ಬೈದಿದ್ದೆವು. ಯಾರು ಯಾರನ್ನು ಕೈಬಿಟ್ಟದ್ದೆಂದು ಈಗ ಗೊತ್ತಿತ್ತು.

ಈ ವರ್ಷದ ಜುಲೈನಲ್ಲಿ ಮತ್ತೆ ಅಂಬೋಲಿಗೆ ಹೋದೆವು. ಅದೇ ಊರು ಬೇಕೆಂದು ಹೋದದ್ದು. ಬೇರೆ ಕಡೆ ಹೋಗಿದ್ದರೆ ಆ ರಾತ್ರಿ ಅಲ್ಲಿಯೇ ಉಳಿದುಬಿಡುತ್ತಿತ್ತು. ಮಳೆ ಮೊದಲಿನಂತೆಯೇ ಸುರಿಯುತ್ತಿತ್ತು. ಸೌರ ಫಲಕ ಇಡೀ ದಿನಕ್ಕೆ ಕೊಟ್ಟದ್ದು ಅಷ್ಟಕ್ಕಷ್ಟೇ. ಮಲಗುವಾಗ ಷಂಟಿನ ಫಲಕ ನೂರರಲ್ಲಿ 91 ಎಂದು ತೋರಿಸುತ್ತಿತ್ತು. ನಡುರಾತ್ರಿ ಒಮ್ಮೆ ಎಚ್ಚರವಾಯಿತು, ಒಬ್ಬರಿಗಲ್ಲ, ಇಬ್ಬರಿಗೂ, ಹೆಚ್ಚುಕಡಿಮೆ ಎರಡೂವರೆಗೇ. ಯಂತ್ರ ಗುಂಯ್‌ಗುಡುತ್ತಿತ್ತು. ಮಾತಾಡಲಿಲ್ಲ. ಬೆಳಗ್ಗೆ ಆರಕ್ಕೆ 73.

ಆ ಎರಡು ಸಂಖ್ಯೆಗಳನ್ನು ಪ್ರವಾಸದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ವರ್ಷಗಳ ಲೆಕ್ಕವನ್ನು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಚಹಾ ಕುಡಿದು, ಇನ್ನೂ ಒಂದು ಗಂಟೆ ಮಳೆ ನೋಡಿ, ಚಂದಗಡದ ದಾರಿ ಹಿಡಿದೆವು. ಗದ್ದೆಯ ಆ ಬದುವಿನ ಬಳಿ ಗಾಡಿ ತಾನಾಗಿ ನಿಧಾನವಾಯಿತು. ನಾಟಿ ನಡೆದಿತ್ತು. ಕೆಲಸದ ಹೆಂಗಸೊಬ್ಬಳು ತಲೆಯೆತ್ತಿ, ಈ ಮನೆಯಂಥ ಗಾಡಿ ಇಲ್ಲೇಕೆ ನಿಂತಿತೆಂದು ನೋಡಿದಳು. ನಾವು ಕೈಬೀಸಿದೆವು.